ಅಪ್‌ಡೇಟ್: ಸಿಂಗಾಪುರದ ಮನೆ, ಬೆಳಗಾವಿಯ ಕೆಲಸ

ಪತಿಗೆ ಸಿಂಗಾಪುರದಲ್ಲಿ ನೌಕರಿ ಸಿಕ್ಕಿದೆ, ನಾನು ಬೆಳಗಾವಿಯ ಕಂಪನಿಯ ಕೆಲಸವನ್ನು ಅಲ್ಲಿಂದಲೇ ಮಾಡಬಹುದೇ, ಖರ್ಚು ತೂಗಿಸಲು ಆದೀತೇ ಎಂದು ಆರು ತಿಂಗಳ ಹಿಂದೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದಗಳು.

2021ರ ಮೇ 1ರಿಂದ ನನ್ನಂತೆ ಡಿಪೆಂಡೆಂಟ್ಸ್ ಪಾಸ್ (ಅಲ್ಲಿ ದುಡಿಯುವವರ ಕುಟುಂಬದವರಿಗೆ ಕೊಡುವ ವಾಸದ ಪರವಾನಗಿ) ಉಳ್ಳವರು ಅಲ್ಲಿನ ಸಂಸ್ಥೆಯಲ್ಲಿ ದುಡಿಯಲು ಪ್ರತ್ಯೇಕ ವರ್ಕ್ ಪಾಸ್, ಅಂದರೆ ಕೆಲಸದ ಪರವಾನಗಿ, ಪಡೆಯಬೇಕು. ನಮ್ಮ ಕಂಪನಿಗೆ ಅಲ್ಲಿ ಶಾಖೆಯಿಲ್ಲ, ನಾನು ಅಲ್ಲಿನ ಗ್ರಾಹಕರನ್ನು ಭೇಟಿಯಾಗುವುದೂ ಇಲ್ಲವಾದ್ದರಿಂದ ಮನೆಯಿಂದ ಮಾಡುವ ಕೆಲಸಕ್ಕೆ ಅದು ಬೇಕಾಗಲಿಲ್ಲ.

ಹೆಚ್ಚು ಕಾಡಿದ್ದು ಬಾಡಿಗೆ. ಒಂದೆರಡು ತಿಂಗಳು ಇದ್ದು ನೋಡೋಣ ಎಂಬ ನಮ್ಮ ಲೆಕ್ಕ ತಲೆಕೆಳಗಾಯಿತು, ಏಕೆಂದರೆ ಸರ್ಕಾರಿ ವಸತಿ ಮಂಡಳಿಯಾದ ಎಚ್‌ಡಿಬಿ ಮನೆಗಳನ್ನು ಕನಿಷ್ಠ 6 ತಿಂಗಳಿಗೆ, ಖಾಸಗಿ ಮನೆಗಳನ್ನು 3 ತಿಂಗಳಿಗೆ ಹಿಡಿಯಲೇಬೇಕು, ಕರಾರಿನ ಮುದ್ರಾಂಕ ಶುಲ್ಕವೂ ಬಾಡಿಗೆದಾರರದೇ. ಇಡೀ ಮನೆಯ ಆಸೆ ಬಿಟ್ಟು ಒಂದು ಕೋಣೆ ಹಿಡಿದೆವು. ಪತಿಯ ಸಂಬಳದ ಮೂರನೇ ಒಂದು ಪಾಲು ಅದಕ್ಕೇ ಹೋಗುತ್ತದೆ.

ಅಲ್ಲಿನ ಗಡಿಯಾರ ಎರಡೂವರೆ ತಾಸು ಮುಂದಿರುವುದು ವರವೇ ಆಯಿತು: ಬೆಳಗಾವಿಯ ಒಂಬತ್ತೂವರೆ ನನಗೆ ಮಧ್ಯಾಹ್ನ ಹನ್ನೆರಡು, ಅಷ್ಟರಲ್ಲಿ ಟೆಕ್ಕಾ ಮಾರುಕಟ್ಟೆಗೆ ಹೋಗಿ ಬಂದು ಅಡುಗೆಯೂ ಮುಗಿದಿರುತ್ತದೆ. ಊರಿನಿಂದ ಒಯ್ದ ಜೋಳದ ಹಿಟ್ಟಿನಿಂದ ಮೊದಲ ದಿನ ರೊಟ್ಟಿ ಬಡಿದಾಗ ಕೆಳಮನೆಯ ಅಜ್ಜಿ ಏನೋ ಒಡೆಯುತ್ತಿದ್ದಾರೆಂದು ಬಾಗಿಲು ತಟ್ಟಿದರು. ಶೇಂಗಾ ಹಿಂಡಿಯ ಜೊತೆ ಒಂದು ರೊಟ್ಟಿ ಕೊಟ್ಟ ಮೇಲೆ ದೂರು ಬಂದಿಲ್ಲ. ಮುಂದಿನ ತಿಂಗಳು ಕರಾರು ಮುಗಿಯುತ್ತದೆ. ಇನ್ನಾರು ತಿಂಗಳಿಗೆ ನವೀಕರಿಸುತ್ತಿದ್ದೇವೆ.