ಬಸ್ಟರ್ ಕೀಟನ್‌ನ ಮುಳುಗಿಸಿದ್ದು ಟಾಕಿನಾ, ಎಂಜಿಎಂ ಕರಾರಾ?

ಹಳೇರೀಲು: ಮೂಕಿಚಿತ್ರದಲ್ಲಿ ಹಾಲಿವುಡ್‌ನ ಹಾಸ್ಯನಟ ಕೀಟನ್‌ಗೆ ಸಾಟಿ ಇರಲಿಲ್ಲ. ಟಾಕಿ, ಅಂದ್ರೆ ಮಾತಿನ ಚಿತ್ರ ಬಂತು, 1933ರಲ್ಲಿ ಎಂಜಿಎಂ ಸ್ಟುಡಿಯೋ ಕೆಲಸದಿಂದ ತೆಗೀತು. ಇದರಲ್ಲಿ ಚರ್ಚೆಗೇನಿದೆ?

ಭಾರತಿ ಎಸ್: ಇದೆ ಸರ್. ಚಿಕ್ಕಂದಿನಿಂದ ವೇದಿಕೆ ಮೇಲೇ ಬೆಳೆದವನಿಗೆ ಮಾತು ಕಷ್ಟವಾಗಿರಲಿಲ್ಲ. ಅವನ ಟಾಕಿಗಳಿಂದ ಎಂಜಿಎಂಗೆ ಲಾಭವೂ ಬಂತು. ಕೆಟ್ಟಿದ್ದು ಕೆಲಸದ ರೀತಿ. 1928ರಲ್ಲಿ ಎಂಜಿಎಂ ಕರಾರಿಗೆ ಸಹಿ ಹಾಕುವ ಮುಂಚೆ ಕಥೆಯ ಶುರು, ಕೊನೆ ಗೊತ್ತಿದ್ದರೆ ಸಾಕಿತ್ತು, ನಡುವಿನದು ಸೆಟ್‌ನಲ್ಲೇ ಹುಟ್ಟುತ್ತಿತ್ತು. ಗ್ಯಾಗ್ (ನಗಿಸುವ ತಮಾಷೆ) ಹೊಳೆಯದಿದ್ದರೆ ಶೂಟಿಂಗ್ ನಿಲ್ಲಿಸಿ ಬೇಸ್‌ಬಾಲ್ ಆಡೋರು! ಎಂಜಿಎಂನಲ್ಲಿ ಎಲ್ಲದಕ್ಕೂ ಮೊದಲೇ ಸ್ಕ್ರಿಪ್ಟ್ ಬೇಕು.

ಗುಂಡಣ್ಣ: ದುಡ್ಡು ಹಾಕೋರು ಲೆಕ್ಕ ಕೇಳಬಾರ್ದಾ? 1926ರ 'ದಿ ಜನರಲ್'ನಲ್ಲಿ ನಿಜವಾದ ರೈಲು ಎಂಜಿನ್‌ನ ಉರಿಯೋ ಸೇತುವೆಯಿಂದ ನದಿಗೆ ಕೆಡವಿದ. ಚಿತ್ರ ತೋಪಾಯ್ತು. 1924ರಲ್ಲಿ 'ಷರ್ಲಾಕ್ ಜೂನಿಯರ್' ಮಾಡುವಾಗ ರೈಲ್ವೆ ಟ್ಯಾಂಕಿನ ನೀರು ಮೇಲೆ ಸುರಿದು ಕತ್ತಿನ ಮೂಳೆ ಬಿರುಕು ಬಿಟ್ಟಿತ್ತು, ಗೊತ್ತಾಗಿದ್ದು ವರ್ಷಗಳಾದ ಮೇಲೆ, ಎಕ್ಸ್‌ರೇಯಲ್ಲಿ. ಇಂಥ ಸ್ಟಾರ್‌ನ ಯಾವ ಸ್ಟುಡಿಯೋ ಬಿಟ್ಟೀತು?

ಭಾರತಿ ಎಸ್: ಹುಂಬತನ ಅಂದುಕೊಂಡಿದ್ದೀರಿ ನೀವು. 'ಸ್ಟೀಮ್‌ಬೋಟ್ ಬಿಲ್ ಜೂನಿಯರ್'ನಲ್ಲಿ ಮನೆಯ ಮುಂಗೋಡೆ ಮೈಮೇಲೆ ಬಿದ್ದರೂ ತೆರೆದ ಕಿಟಕಿಯ ಜಾಗದಲ್ಲಿ ನಿಂತ ಕೀಟನ್ ಉಳಿಯುತ್ತಾನಲ್ಲ, ಅದರ ಲೆಕ್ಕ ನೋಡಿ. ಬುಡಕ್ಕೆ ಗಟ್ಟಿ ಕೀಲು. ಮೊದಲು ಗೋಡೆಯ ಚೌಕಟ್ಟನ್ನು ನೆಲಕ್ಕೆ ಮಲಗಿಸಿ, ಕೀಟನ್ ನಿಂತ ಜಾಗದ ಸುತ್ತ ಕಿಟಕಿ ಕಟ್ಟಿದರು. ತಲೆ, ಭುಜ, ಹಿಮ್ಮಡಿ ಎಲ್ಲ ಕಡೆ ಬಿಟ್ಟಿದ್ದು ಎರಡೇ ಇಂಚು. ಹಿಮ್ಮಡಿ ಇಡೋ ಕಡೆ ದೊಡ್ಡ ಮೊಳೆ ಹೊಡೆದು, ಆಮೇಲೆ ಚೌಕಟ್ಟು ಎತ್ತಿ ನಿಲ್ಲಿಸಿ ಗೋಡೆ ಮುಗಿಸಿದರು. ಬಿರುಗಾಳಿಗೆ ವಿಮಾನದ ಲಿಬರ್ಟಿ ಎಂಜಿನ್ ಕೂರಿಸಿದ ಆರು ಯಂತ್ರ. ಗಾಳಿ ಹಿಂದೆ ಮುಂದೆ ಬೀಸಬೇಕು, ಬೀಳೋ ಗೋಡೆಗೆ ಮಾತ್ರ ತಾಗಬಾರದು. ತಾಗಿದರೆ ಗೋಡೆ ತಿರುಚುತ್ತೆ, ಕಿಟಕಿ ಪಕ್ಕಕ್ಕೆ ಸರಿಯುತ್ತೆ, ಆಸಾಮಿ ಅಪ್ಪಚ್ಚಿ. ಒಂದೇ ಟೇಕ್.

ಹಳೇರೀಲು: ಒಪ್ಪಿದೆ. ಆದರೆ ಟಾಕಿಯ ಪಾಲೂ ಇದೆ. ಶುರುವಿನಲ್ಲಿ ಕ್ಯಾಮೆರಾ ಸದ್ದು ಮೈಕಿಗೆ ಬೀಳದಿರಲಿ ಅಂತ ಅದನ್ನು ಗೂಡೊಳಗೆ ಕೂಡಿಹಾಕ್ತಿದ್ರು. ಓಡುವವನ ಹಿಂದೆ ಅದು ಓಡೋದು ಹೇಗೆ? ಕರಾರೊಂದೇ ಕಾರಣವಾಗಿದ್ರೆ, ಎಂಜಿಎಂನಲ್ಲೇ ಮಾಡಿದ 'ದಿ ಕ್ಯಾಮೆರಾಮನ್' ಯಾಕೆ ಅಷ್ಟು ಚೆನ್ನಾಗಿದೆ?

ಗುಂಡಣ್ಣ: ಕುಡಿತದ ಸುದ್ದಿ ಯಾರೂ ಎತ್ತಲ್ವಲ್ರಪ್ಪಾ!

ಭಾರತಿ ಎಸ್: ಕುಡಿತ ಹದ ತಪ್ಪಿದ್ದು ಎಂಜಿಎಂಗೆ ಹೋದಮೇಲೆ, ಗುಂಡಣ್ಣ. 'ಕ್ಯಾಮೆರಾಮನ್' ಅಲ್ಲಿ ಅವನ ಮೊದಲ ಚಿತ್ರ, ಅದೂ ಮೂಕಿ. ಹಟ ಹಿಡಿದು ಕೆಲವು ದೃಶ್ಯ ತನ್ನಿಷ್ಟದಂತೆ ತೆಗೆಸಿಕೊಂಡ. 1930ರ 'ಫ್ರೀ ಅಂಡ್ ಈಸಿ' ಹೊತ್ತಿಗೆ ಅದೂ ಹೋಯ್ತು. ಇಂಗ್ಲಿಷ್‌ನಲ್ಲಿ ಒಮ್ಮೆ ಮುಗಿಸಿದ ಚಿತ್ರವನ್ನೇ, ಮಾತು ಉರು ಹೊಡೆದು, ಸ್ಪ್ಯಾನಿಷ್‌ನಲ್ಲಿ ಮತ್ತೆ ನಟಿಸಬೇಕಾಯ್ತು.