ಮೀಲ್ ಮೇಕರ್ ತಿಂದರೆ ಗಂಡಸರ ಹಾರ್ಮೋನ್ ಏರುಪೇರಾಗುತ್ತದೆಯೇ?

ಪ್ರಶ್ನೆ:
ನನಗೆ 32 ವರ್ಷ. ನಮ್ಮದು ಮೊಟ್ಟೆಯನ್ನೂ ತಿನ್ನದ ಮನೆತನವಾದ್ದರಿಂದ, ವ್ಯಾಯಾಮ ಆರಂಭಿಸಿದ ಮೇಲೆ ಪ್ರೊಟೀನಿಗಾಗಿ ದಿನಕ್ಕೆ ಸುಮಾರು 50 ಗ್ರಾಂ ಮೀಲ್ ಮೇಕರನ್ನು (ಸೋಯಾ ಉಂಡೆಗಳನ್ನು) ಪಲ್ಯದಲ್ಲೋ ಪಲಾವಿನಲ್ಲೋ ಸೇರಿಸಿಕೊಳ್ಳುತ್ತಿದ್ದೇನೆ. ಸೋಯಾದಲ್ಲಿ ಹೆಣ್ಣಿನ ಹಾರ್ಮೋನ್ ಇದೆ, ಅದರಿಂದ ಟೆಸ್ಟೋಸ್ಟೆರೋನ್ ಇಳಿಯುತ್ತದೆ ಎಂದು ಜಿಮ್ಮಿನ ಗೆಳೆಯರು ಹೇಳುತ್ತಾರೆ. ನಾವು ಮಗುವಿಗಾಗಿ ಪ್ರಯತ್ನಿಸುತ್ತಿರುವುದರಿಂದ ಈ ಮಾತು ನನ್ನನ್ನೂ ಹೆಂಡತಿಯನ್ನೂ ಕಾಡುತ್ತಿದೆ. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1:
ಸೋಯಾದಲ್ಲಿರುವುದು ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್ ಅಲ್ಲ. ರಚನೆಯಲ್ಲಿ ಅದನ್ನು ಹೋಲುವ ಜೆನಿಸ್ಟೀನ್, ಡೈಡ್ಜೀನ್ ಮೊದಲಾದ ಐಸೋಫ್ಲೇವೋನ್‌ಗಳೆಂಬ ಸಸ್ಯಜನ್ಯ ವಸ್ತುಗಳು. ನಮ್ಮ ಜೀವಕೋಶಗಳಲ್ಲಿ ಈಸ್ಟ್ರೋಜನ್ ಬಂದು ಕೂರುವ ರಿಸೆಪ್ಟರ್‌ಗಳು ಆಲ್ಫಾ, ಬೀಟಾ ಎಂದು ಎರಡು ಬಗೆಯವು. ಐಸೋಫ್ಲೇವೋನ್‌ಗಳು ಹೆಚ್ಚಾಗಿ ಬೀಟಾಕ್ಕೆ ಅಂಟಿಕೊಳ್ಳುತ್ತವೆ, ದೇಹದ ಮುಖ್ಯ ಈಸ್ಟ್ರೋಜನ್ ಆದ ಎಸ್ಟ್ರಡಯೋಲ್‌ಗಿಂತ ಬಹಳ ದುರ್ಬಲವಾಗಿ ವರ್ತಿಸುತ್ತವೆ. 2021ರಲ್ಲಿ 41 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಸೋಯಾ ಪ್ರೊಟೀನಾಗಲಿ ಐಸೋಫ್ಲೇವೋನ್ ಆಗಲಿ ಗಂಡಸರ ಟೆಸ್ಟೋಸ್ಟೆರೋನನ್ನೂ ಎಸ್ಟ್ರಡಯೋಲನ್ನೂ ಬದಲಿಸಿದ್ದು ಕಂಡುಬರಲಿಲ್ಲ. ಈ ಭಯಕ್ಕೆ ಒಂದು ಮೂಲ ಇಲಿಗಳ ಮೇಲಿನ ಪ್ರಯೋಗಗಳು. ಆದರೆ ಇಲಿಗಳ ದೇಹ ಈ ವಸ್ತುಗಳನ್ನು ಅರಗಿಸುವ ಬಗೆಯೇ ಬೇರೆ. ಅಲ್ಲಿನ ಫಲಿತಾಂಶವನ್ನು ಮನುಷ್ಯರಿಗೆ ನೇರವಾಗಿ ಅನ್ವಯಿಸುವುದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಉತ್ತರ 2:
ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೂ ಮಗುವಿನ ನಿರೀಕ್ಷೆಯಲ್ಲಿರುವವರಿಗೆ ಇನ್ನೊಂದು ಬದಿಯನ್ನೂ ಹೇಳಬೇಕು. 2008ರಲ್ಲಿ ಅಮೆರಿಕದ ಬಾಸ್ಟನ್ನಿನ ಫಲವಂತಿಕೆ ಕೇಂದ್ರವೊಂದಕ್ಕೆ ಬಂದ 99 ಗಂಡಸರನ್ನು ವಿಚಾರಿಸಿದಾಗ, ಹೆಚ್ಚು ಸೋಯಾ ತಿನ್ನುತ್ತಿದ್ದವರಲ್ಲಿ ವೀರ್ಯಾಣುಗಳ ಸಾಂದ್ರತೆ ಕಡಿಮೆ ಇತ್ತು. ಚಲನೆಯಲ್ಲಿ, ಆಕಾರದಲ್ಲಿ ವ್ಯತ್ಯಾಸ ಇರಲಿಲ್ಲ. ಇದು ಆಹಾರವನ್ನು ನೆನಪಿನಿಂದ ಹೇಳಿಸಿಕೊಂಡ ಅಧ್ಯಯನ, ಆದ್ದರಿಂದ ಸೋಯಾವೇ ಕಾರಣವೆಂದು ಹೇಳಲಾಗದು. ಅದಕ್ಕೂ ಮೊದಲು, 2001ರಲ್ಲಿ, ಆರೋಗ್ಯವಂತರಿಗೆ ಎರಡು ತಿಂಗಳು ದಿನಕ್ಕೆ 40 ಮಿಲಿಗ್ರಾಂ ಐಸೋಫ್ಲೇವೋನ್ ಕೊಟ್ಟು ನೋಡಿದಾಗ ವೀರ್ಯದ ಗುಣಮಟ್ಟ ಬದಲಾಗಿರಲಿಲ್ಲ. ಎದೆ ಊದಿದ ಪ್ರಕರಣಗಳೂ ವರದಿಯಾಗಿವೆ, ಆದರೆ ಅವು ಮಿತಿಮೀರಿದ ಸೇವನೆಯವು: 60 ವರ್ಷದ ಒಬ್ಬರು ದಿನಕ್ಕೆ ಸುಮಾರು ಮೂರು ಲೀಟರ್ ಸೋಯಾ ಹಾಲು ಕುಡಿಯುತ್ತಿದ್ದರು, ಬಿಟ್ಟ ಮೇಲೆ ಸರಿಹೋದರು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ 50 ಗ್ರಾಂ ಹೆಚ್ಚಾಯಿತೇ?

ಉತ್ತರ 2:
ಅಷ್ಟರಲ್ಲಿ ಸುಮಾರು 25 ಗ್ರಾಂ ಪ್ರೊಟೀನ್ ಸಿಗುತ್ತದೆ. ಅದರಿಂದ ಹಾರ್ಮೋನ್ ಕೆಡುತ್ತದೆಂದು ಹೆದರಬೇಕಾಗಿಲ್ಲ. ಆದರೂ ಮನಸ್ಸಿಗೆ ಸಮಾಧಾನ ಬೇಕೆಂದರೆ ಕೆಲವು ದಿನ ಅದರ ಬದಲು ಕಡಲೆ, ಹೆಸರುಕಾಳು, ಪನೀರ್ ತಿನ್ನಿ. ವರ್ಷವಾದರೂ ಗರ್ಭ ನಿಲ್ಲದಿದ್ದರೆ ಇಬ್ಬರೂ ವೈದ್ಯರನ್ನು ಕಂಡು, ನೀವು ವೀರ್ಯ ಪರೀಕ್ಷೆ ಮಾಡಿಸಿಕೊಳ್ಳಿ. ಒಂದು ವೀರ್ಯಾಣು ರೂಪುಗೊಳ್ಳಲು ಎರಡೂವರೆ ತಿಂಗಳಷ್ಟು ಬೇಕು. ಹಾಗಾಗಿ ಊಟದಲ್ಲಿ ಏನೇ ಬದಲಿಸಿದರೂ ಅದರ ಪರಿಣಾಮವನ್ನು ಮೂರು ತಿಂಗಳಿಗೆ ಮೊದಲು ವರದಿಯಲ್ಲಿ ಹುಡುಕಬೇಡಿ.