ಎರಡು ಫಾರ್ಮ್ 16, ಒಂದೇ ರಿಟರ್ನ್: ತಯಾರಿ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. 2024–25ರ ಹಣಕಾಸು ವರ್ಷದ ಆದಾಯ ತೆರಿಗೆ ರಿಟರ್ನ್ ಅನ್ನು ಈ ಬಾರಿ ಮೊದಲ ಸಲ ನಾನೇ ಸಲ್ಲಿಸಬೇಕೆಂದು ನಿರ್ಧರಿಸಿದ್ದೇನೆ. ಇಷ್ಟು ವರ್ಷ ಕಚೇರಿಯವರು ಕೊಡುತ್ತಿದ್ದ ಫಾರ್ಮ್ 16 ಅನ್ನು, ಅಂದರೆ ಸಂಬಳ ಮತ್ತು ಅದರಲ್ಲಿ ಹಿಡಿದ ತೆರಿಗೆಯ ಪ್ರಮಾಣಪತ್ರವನ್ನು, ಪರಿಚಯದವರೊಬ್ಬರಿಗೆ ಕಳುಹಿಸಿ ಸುಮ್ಮನಾಗುತ್ತಿದ್ದೆ. ಕಳೆದ ಅಕ್ಟೋಬರ್‌ನಲ್ಲಿ ಕೆಲಸ ಬದಲಿಸಿದ್ದರಿಂದ ಈಗ ಎರಡು ಫಾರ್ಮ್ 16 ಕೈಯಲ್ಲಿವೆ. ಮೊದಲ ಕಂಪನಿಯಿಂದ 4,80,000 ರೂಪಾಯಿ, ಎರಡನೆಯದರಿಂದ 5,40,000 ರೂಪಾಯಿ ಸಂಬಳ ಬಂದಿದೆ. ಮೊದಲನೆಯವರು 20,020 ರೂಪಾಯಿ ಟಿಡಿಎಸ್ (ಸಂಬಳದಲ್ಲೇ ಕಡಿತವಾಗುವ ತೆರಿಗೆ) ಹಿಡಿದಿದ್ದಾರೆ, ಎರಡನೆಯವರು ಏನನ್ನೂ ಹಿಡಿದಿಲ್ಲ. ಇದರ ಜೊತೆಗೆ ಎರಡು ಬ್ಯಾಂಕುಗಳಲ್ಲಿ ತಲಾ 23,000 ರೂಪಾಯಿ ಎಫ್‌ಡಿ ಬಡ್ಡಿ, ಉಳಿತಾಯ ಖಾತೆಯಲ್ಲಿ 4,000 ರೂಪಾಯಿ ಬಡ್ಡಿ ಸೇರಿದೆ. ಎಸ್‌ಐಪಿ, ಅಂದರೆ ಕಂತಿನ ಹೂಡಿಕೆಯ ಮೂಲಕ ಕೂಡಿಸಿದ್ದ ಈಕ್ವಿಟಿ ಮ್ಯೂಚುವಲ್ ಫಂಡ್ ಯೂನಿಟ್‌ಗಳನ್ನು ಜೂನ್‌ನಲ್ಲಿ ಸ್ವಲ್ಪ, ಡಿಸೆಂಬರ್‌ನಲ್ಲಿ ಸ್ವಲ್ಪ ಮಾರಿದ್ದೇನೆ.

ಬಾಡಿಗೆ ರಸೀದಿ, ವಿಮೆಯ ಕಾಗದ, ಪಿಪಿಎಫ್ ಪುಸ್ತಕ ಎಲ್ಲವೂ ಇವೆ, ಆದರೆ ಅರ್ಧ ಮೇಜಿನ ಡ್ರಾಯರ್‌ನಲ್ಲಿ, ಅರ್ಧ ಇಮೇಲ್‌ನಲ್ಲಿ ಚದುರಿಹೋಗಿವೆ. ಪೋರ್ಟಲ್ ತೆರೆದರೆ ಅನೇಕ ಅಂಕಿಗಳು ಆಗಲೇ ತುಂಬಿಕೊಂಡಿರುತ್ತವೆ. ಅವನ್ನು ಒಪ್ಪಿಕೊಂಡು ಮುಂದುವರಿದರೆ ಸಾಕೇ? ಇಲ್ಲವಾದರೆ ಯಾವ ಕ್ರಮದಲ್ಲಿ ಕೆಲಸ ಮಾಡಬೇಕು? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1

ಮನೆಯ ನಾಲ್ಕು ಜನರ ರಿಟರ್ನ್‌ಗಳನ್ನು ಹಲವು ವರ್ಷಗಳಿಂದ ನಾನೇ ಸಲ್ಲಿಸುತ್ತಿರುವುದರಿಂದ ಧೈರ್ಯವಾಗಿ ಒಂದು ಮಾತು ಹೇಳುತ್ತೇನೆ: ಮೊದಲು ಪೋರ್ಟಲ್ ಮುಚ್ಚಿ. ಅಲ್ಲಿ ತುಂಬಿರುವ ಅಂಕಿಗಳು ನಿಮ್ಮ ಬಗ್ಗೆ ಬೇರೆಯವರು, ಅಂದರೆ ಕಂಪನಿಗಳು, ಬ್ಯಾಂಕುಗಳು, ಫಂಡ್ ಸಂಸ್ಥೆಗಳು ಇಲಾಖೆಗೆ ಕೊಟ್ಟ ಮಾಹಿತಿ. ಅವರು ಬಿಟ್ಟುಬಿಟ್ಟದ್ದು ಅಲ್ಲಿ ಕಾಣುವುದಿಲ್ಲ, ಅವರು ತಪ್ಪಾಗಿ ಕೊಟ್ಟದ್ದು ತಪ್ಪಾಗಿಯೇ ಕಾಣುತ್ತದೆ, ರಿಟರ್ನ್‌ಗೆ ಸಹಿ ಹಾಕುವವರು ಮಾತ್ರ ನೀವು. ಆದ್ದರಿಂದ ನಿಮ್ಮ ಲೆಕ್ಕ ಮೊದಲು ಸಿದ್ಧವಾಗಬೇಕು, ಹೋಲಿಕೆ ಆಮೇಲೆ.

ಲೆಕ್ಕಕ್ಕೆ ಆಧಾರ ಬ್ಯಾಂಕ್ ಸ್ಟೇಟ್‌ಮೆಂಟ್. ನಿಮ್ಮ ಪ್ರತಿಯೊಂದು ಖಾತೆಯ 2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರವರೆಗಿನ ಸ್ಟೇಟ್‌ಮೆಂಟ್ ಇಳಿಸಿಕೊಂಡು, ಜಮೆಯಾದ ಸಾಲುಗಳನ್ನಷ್ಟೇ ಒಂದೊಂದಾಗಿ ಓದುತ್ತಾ, ಇದು ಸಂಬಳವೋ, ಬಡ್ಡಿಯೋ, ಡಿವಿಡೆಂಡೋ, ಫಂಡ್ ಮಾರಿದ ಹಣವೋ, ಸ್ನೇಹಿತರು ಹಿಂದಿರುಗಿಸಿದ ಸಾಲವೋ ಎಂದು ಪಕ್ಕದಲ್ಲಿ ಗುರುತು ಹಾಕಿ. ಒಂದು ಸಂಜೆಯ ಕೆಲಸ, ಅಷ್ಟೇ. ಇಲ್ಲಿ ಸಾಮಾನ್ಯವಾಗಿ ತಪ್ಪಿಹೋಗುವುದು ಅವಧಿ ಮುಗಿದಾಗ ಬಡ್ಡಿ ಕೊಡುವ ಎಫ್‌ಡಿ. ಹಣ ಖಾತೆಗೆ ಬಂದಿರುವುದಿಲ್ಲ, ಆದರೆ ಬ್ಯಾಂಕು ಆ ವರ್ಷದ ಬಡ್ಡಿಯನ್ನು ಇಲಾಖೆಗೆ ವರದಿ ಮಾಡಿರುತ್ತದೆ. ಹಾಗಾಗಿ ಪ್ರತಿ ಬ್ಯಾಂಕಿನಿಂದ ಬಡ್ಡಿ ಪ್ರಮಾಣಪತ್ರವನ್ನು ಪ್ರತ್ಯೇಕವಾಗಿ ಪಡೆದುಕೊಳ್ಳಿ.

ಕಾಗದಗಳನ್ನು ಬಂದ ದಿನಾಂಕದ ಪ್ರಕಾರ ಜೋಡಿಸಬೇಡಿ. ರಿಟರ್ನ್ ಫಾರ್ಮ್ ಕೇಳುವ ಕ್ರಮದಲ್ಲಿಯೇ ಸಂಬಳ, ಬಂಡವಾಳ ಲಾಭ, ಇತರ ಆದಾಯ, ವಿನಾಯಿತಿಗಳು, ಕಟ್ಟಿದ ತೆರಿಗೆ ಎಂದು ಫೋಲ್ಡರ್ ಮಾಡಿದರೆ ಭರ್ತಿ ಮಾಡುವಾಗ ಹುಡುಕಾಟ ಇರುವುದಿಲ್ಲ. ರಿಟರ್ನ್ ಜೊತೆ ಯಾವ ಕಾಗದವನ್ನೂ ಲಗತ್ತಿಸುವಂತಿಲ್ಲ ಎಂಬುದು ನಿಜ, ಆದರೆ ಮುಂದೆ ಇಲಾಖೆ ಕೇಳಿದಾಗ ತೋರಿಸಲು ಅವು ಬೇಕೇ ಬೇಕು.

ನಿಮ್ಮ ಹಾಳೆ ಸಿದ್ಧವಾದ ಮೇಲೆ ಫಾರ್ಮ್ 26ಎಎಸ್ (ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮೆಯಾದ ತೆರಿಗೆಯ ದಾಖಲೆ) ಮತ್ತು ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್, ಎರಡನ್ನೂ ಇಳಿಸಿಕೊಳ್ಳಿ. ಎಐಎಸ್ ಪಿಡಿಎಫ್ ತೆರೆಯಲು ಪಾಸ್‌ವರ್ಡ್ ಆಗಿ ಪ್ಯಾನ್ ಸಂಖ್ಯೆಯನ್ನು ಸಣ್ಣ ಅಕ್ಷರಗಳಲ್ಲಿ ಬರೆದು, ಅದರ ಹಿಂದೆಯೇ ಜನ್ಮದಿನಾಂಕದ ಎಂಟು ಅಂಕಿಗಳನ್ನು ಹಾಕಬೇಕು. ಎರಡೂ ಫಾರ್ಮ್ 16ಗಳ ‘ಎ’ ಭಾಗದಲ್ಲಿರುವ ಟಿಡಿಎಸ್ ಮೊತ್ತ 26ಎಎಸ್‌ನೊಂದಿಗೆ ರೂಪಾಯಿಗೆ ರೂಪಾಯಿ ಹೊಂದಬೇಕು. ನನ್ನ ತಾಯಿಯ ಎಫ್‌ಡಿ ಮೇಲೆ ಒಮ್ಮೆ ಒಂದು ಬ್ಯಾಂಕು ಟಿಡಿಎಸ್ ಹಿಡಿದು, ಪ್ಯಾನ್ ಸಂಖ್ಯೆಯ ಒಂದು ಅಂಕಿಯನ್ನು ತಪ್ಪಾಗಿ ನಮೂದಿಸಿತ್ತು. ಪ್ರಮಾಣಪತ್ರದಲ್ಲಿ ಕಡಿತವಿತ್ತು, 26ಎಎಸ್‌ನಲ್ಲಿ ಇರಲಿಲ್ಲ. ಬ್ಯಾಂಕಿನವರು ತಿದ್ದುಪಡಿ ಸಲ್ಲಿಸುವವರೆಗೆ ಮೂರು ತಿಂಗಳು ಓಡಾಡಬೇಕಾಯಿತು, ವಯಸ್ಸಾದ ಜೀವ ಪಟ್ಟ ಸಂಕಟ ಈಗಲೂ ನೆನಪಿದೆ. ಕೊನೆಯ ವಾರದಲ್ಲಿ ಇಂಥದ್ದು ಕಣ್ಣಿಗೆ ಬಿದ್ದರೆ ಮಾಡುವುದೇನೂ ಇರುವುದಿಲ್ಲ.

ಉತ್ತರ 2

ತೆರಿಗೆ ಸಲಹೆ ನನ್ನ ವೃತ್ತಿ. ಮೇಲಿನವರು ಹೇಳಿದ ಕ್ರಮ ಸರಿಯಾಗಿದೆ. ನಿಮ್ಮ ಎರಡು ಫಾರ್ಮ್ 16ಗಳ ಬಗ್ಗೆ ಮಾತ್ರ ನಾನು ಬಿಡಿಸಿ ಹೇಳಬೇಕು, ಏಕೆಂದರೆ ಕೆಲಸ ಬದಲಿಸಿದವರು ಎಡವುವುದು ಇಲ್ಲಿಯೇ.

ಹಿಂದಿನ ಸಂಬಳದ ವಿವರವನ್ನು ಫಾರ್ಮ್ 12ಬಿ ಮೂಲಕ ಹೊಸ ಕಂಪನಿಗೆ ಕೊಡದಿದ್ದಾಗ, ಅದು ತಾನು ಕೊಟ್ಟ 5,40,000 ರೂಪಾಯಿಯೇ ನಿಮ್ಮ ಇಡೀ ವರ್ಷದ ಆದಾಯ ಎಂದು ಭಾವಿಸಿ, ಹೊಸ ತೆರಿಗೆ ಪದ್ಧತಿಯ 75,000 ರೂಪಾಯಿ ಪ್ರಮಾಣಿತ ಕಡಿತ ಕಳೆದು, ಉಳಿದದ್ದು ಪೂರ್ತಿ ತೆರಿಗೆ ಮನ್ನಾ ಆಗುವ 7 ಲಕ್ಷದ ರಿಬೇಟ್ ಮಿತಿಯೊಳಗೆ ಇದೆಯೆಂದು ತೆರಿಗೆ ಹಿಡಿಯುವುದಿಲ್ಲ. ವಾಸ್ತವದಲ್ಲಿ ಎರಡೂ ಸಂಬಳ ಸೇರಿ 10,20,000 ರೂಪಾಯಿ, ಅದರಲ್ಲಿ ಪ್ರಮಾಣಿತ ಕಡಿತ ಸಿಗುವುದು ಒಂದೇ ಸಲ. ಉಳಿದ 9,45,000ಕ್ಕೆ 50,000 ಬಡ್ಡಿ ಕೂಡಿಸಿದರೆ 9,95,000 ರೂಪಾಯಿ. ಮೊದಲ 3 ಲಕ್ಷಕ್ಕೆ ತೆರಿಗೆ ಇಲ್ಲ, 7 ಲಕ್ಷದವರೆಗೆ ಶೇ 5ರಂತೆ 20,000, ನಂತರದ 2,95,000ಕ್ಕೆ ಶೇ 10ರಂತೆ 29,500, ಒಟ್ಟು 49,500, ಶೇ 4ರ ಸೆಸ್ ಸೇರಿ 51,480 ರೂಪಾಯಿ. ಕಡಿತವಾಗಿರುವುದು 20,020 ಮಾತ್ರ. ಬ್ಯಾಂಕುಗಳು ನಿಮ್ಮ ಎಫ್‌ಡಿ ಮೇಲೆ ಏನೂ ಹಿಡಿದಿರಲಾರವು, ಏಕೆಂದರೆ ಆ ವರ್ಷದ ಟಿಡಿಎಸ್ ಮಿತಿ ಪ್ರತಿ ಬ್ಯಾಂಕಿಗೆ 40,000 ರೂಪಾಯಿ ಇತ್ತು. ಆದ್ದರಿಂದ ಫಂಡ್ ಲಾಭವನ್ನು ಬದಿಗಿಟ್ಟರೂ 31,460 ರೂಪಾಯಿ ನೀವೇ ಕಟ್ಟಬೇಕು. ಬಾಕಿ 10,000 ರೂಪಾಯಿ ದಾಟಿರುವುದರಿಂದ ಇದನ್ನು ಮುಂಗಡ ತೆರಿಗೆಯಾಗಿ ಮಾರ್ಚ್‌ನೊಳಗೇ ಕಟ್ಟಬೇಕಿತ್ತು. ಈಗ ಸೆಕ್ಷನ್ 234ಬಿ ಪ್ರಕಾರ ಏಪ್ರಿಲ್‌ನಿಂದ ತಿಂಗಳಿಗೆ ಶೇ 1ರ ಬಡ್ಡಿ ಸೇರುತ್ತದೆ, ಆಗಸ್ಟ್‌ನಲ್ಲಿ ಕಟ್ಟಿದರೆ ಐದು ತಿಂಗಳಿಗೆ 1,570 ರೂಪಾಯಿ. ಮುಂಗಡ ತೆರಿಗೆಯ ಕಂತುಗಳು ತಪ್ಪಿದ್ದಕ್ಕೆ 234ಸಿ ಅಡಿಯ ಬಡ್ಡಿ ಬೇರೆ. ಇನ್ನೊಂದು ತಿಂಗಳು ತಡಮಾಡುವುದರಲ್ಲಿ ಅರ್ಥವಿಲ್ಲ.

ಫಂಡ್ ವಿಷಯಕ್ಕೆ ಬಂದರೆ, ಎಸ್‌ಐಪಿಯ ಪ್ರತಿ ಕಂತೂ ಪ್ರತ್ಯೇಕ ಖರೀದಿ, ಮೊದಲು ಕೊಂಡ ಯೂನಿಟ್ ಮೊದಲು ಮಾರಾಟವಾಯಿತೆಂದು ಲೆಕ್ಕ. ಹನ್ನೆರಡು ತಿಂಗಳು ದಾಟಿದ ಯೂನಿಟ್‌ಗಳ ಲಾಭ ದೀರ್ಘಾವಧಿಯದು, ಉಳಿದದ್ದು ಅಲ್ಪಾವಧಿಯದು. ಇದಕ್ಕೆ ಮೇಲಾಗಿ 2024ರ ಜುಲೈ 23ರಿಂದ ದರಗಳು ಬದಲಾದವು: ಅಲ್ಪಾವಧಿಯದು ಶೇ 15ರಿಂದ 20ಕ್ಕೆ, ದೀರ್ಘಾವಧಿಯದು ಶೇ 10ರಿಂದ 12.5ಕ್ಕೆ. ನಿಮ್ಮ ಜೂನ್ ಮಾರಾಟ ಆ ದಿನಕ್ಕಿಂತ ಮೊದಲಿನದು, ಡಿಸೆಂಬರ್‌ನದು ನಂತರದ್ದು. ಫಂಡ್‌ಗಳ ದಾಖಲೆ ಇಡುವ ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ತಾಣದಿಂದ ಬಂಡವಾಳ ಲಾಭದ ಸ್ಟೇಟ್‌ಮೆಂಟ್ ತರಿಸಿಕೊಂಡರೆ ಈ ವಿಂಗಡಣೆ ಸಿದ್ಧವಾಗಿ ಸಿಗುತ್ತದೆ. ದೀರ್ಘಾವಧಿಯ ಲಾಭ ಮಾತ್ರ ಇದ್ದು ಅದು 1,25,000 ರೂಪಾಯಿಯೊಳಗೆ ಇದ್ದರೆ ಈ ವರ್ಷದಿಂದ ಸರಳ ರಿಟರ್ನ್ ಫಾರ್ಮ್ ಆದ ಐಟಿಆರ್-1 ಸಾಕು. ಅಲ್ಪಾವಧಿಯದು ಒಂದು ರೂಪಾಯಿ ಇದ್ದರೂ ಐಟಿಆರ್-2 ತುಂಬಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಹೊಸ ಕಂಪನಿ ತೆರಿಗೆ ಹಿಡಿಯಲಿಲ್ಲವೆಂದು ನಾನು ಸಂತೋಷಪಟ್ಟಿದ್ದೆ, ಬಾಕಿ ಇಷ್ಟಿದೆಯೆಂದು ಊಹಿಸಿರಲಿಲ್ಲ. ಎರಡು ದಿನ ಕುಳಿತು ಹಾಳೆ ಸಿದ್ಧಪಡಿಸಿದೆ. ಅಲ್ಪಾವಧಿ ಲಾಭ ಸ್ವಲ್ಪ ಇರುವುದರಿಂದ ಐಟಿಆರ್-2 ಎಂಬುದು ಖಚಿತವಾಯಿತು. ಎರಡು ಅನುಮಾನಗಳು ಉಳಿದಿವೆ. ಎಐಎಸ್‌ನಲ್ಲಿ ಫಂಡ್ ಮಾರಾಟದ ಪೂರ್ತಿ ಹಣ ಕಾಣುತ್ತಿದೆ, ಅದೆಲ್ಲವೂ ಆದಾಯವಾಗುತ್ತದೆಯೇ? ಬಾಡಿಗೆ, ಪಿಪಿಎಫ್, ಆರೋಗ್ಯ ವಿಮೆ ತೋರಿಸಿ ಹಳೆಯ ಪದ್ಧತಿಗೆ ಹೋದರೆ ಈ ಬಾಕಿ ಕಡಿಮೆಯಾಗುತ್ತದೆಯೇ?

ಉತ್ತರ 2

ಎಐಎಸ್ ತೋರಿಸುವುದು ಮಾರಾಟದ ಮೊತ್ತ, ತೆರಿಗೆ ಇರುವುದು ಲಾಭಕ್ಕೆ. ಆದ್ದರಿಂದ ಗಾಬರಿ ಬೇಡ. ನಿಜವಾಗಿಯೂ ನಿಮ್ಮದಲ್ಲದ ಬಡ್ಡಿಯೋ, ಎರಡು ಸಲ ಬಂದ ನಮೂದೋ ಕಂಡರೆ ಮಾತ್ರ ಆ ಸಾಲಿನ ಎದುರು ಆಕ್ಷೇಪ ದಾಖಲಿಸಿ.

ಹಳೆಯ ಪದ್ಧತಿಯನ್ನು ಈಗಲೂ ಆಯ್ದುಕೊಳ್ಳಬಹುದು, ಕಂಪನಿಗೆ ಏನು ಹೇಳಿದ್ದಿರಿ ಎಂಬುದು ನಿಮ್ಮನ್ನು ಕಟ್ಟಿಹಾಕುವುದಿಲ್ಲ. ಆದರೆ ಗಡುವಿನೊಳಗೆ ಸಲ್ಲಿಸಿದರೆ ಮಾತ್ರ ಆ ಆಯ್ಕೆ. ಈ ಸಲ ಜುಲೈ 31ರ ಬದಲು 2025ರ ಸೆಪ್ಟೆಂಬರ್ 15ರವರೆಗೆ ಸಮಯ ಕೊಟ್ಟಿದ್ದಾರೆ. ಹಳೆಯ ಪದ್ಧತಿಯಲ್ಲಿ ಪ್ರಮಾಣಿತ ಕಡಿತ 50,000, ಅಲ್ಲಿ 5 ಲಕ್ಷ ದಾಟಿದ ಕೂಡಲೇ ದರ ಶೇ 20. ನಿಮ್ಮ ಸಂಬಳ ಮತ್ತು ಬಡ್ಡಿಯನ್ನು ಇಟ್ಟುಕೊಂಡು ಲೆಕ್ಕ ಹಾಕಿದೆ: ಪ್ರಮಾಣಿತ ಕಡಿತವಲ್ಲದೆ ಮನೆ ಬಾಡಿಗೆ ಭತ್ಯೆ, 80ಸಿ (ಪಿಪಿಎಫ್‌ನಂಥ ಉಳಿತಾಯ), 80ಡಿ (ಆರೋಗ್ಯ ವಿಮೆ) ಮೊದಲಾದವೆಲ್ಲ ಸೇರಿ 3,35,000 ರೂಪಾಯಿ ಆದಾಗ ಎರಡೂ ಪದ್ಧತಿಗಳ ತೆರಿಗೆ ಸಮವಾಗುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಹಳೆಯದು ಲಾಭ. 80ಸಿ ಮಿತಿ ಒಂದೂವರೆ ಲಕ್ಷ ಎಂಬುದು ನೆನಪಿರಲಿ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದ್ದರೆ ಮನೆ ಮಾಲೀಕರ ಪ್ಯಾನ್ ಇಟ್ಟುಕೊಳ್ಳಿ. ಈ ವರ್ಷದ ಫಾರ್ಮ್‌ಗಳು ವಿಮೆಯ ಪಾಲಿಸಿ ಸಂಖ್ಯೆಯಂಥ ವಿವರಗಳನ್ನೂ ಕೇಳುತ್ತಿವೆ, ಬಾಯಿಮಾತಿನ ವಿನಾಯಿತಿಗೆ ಜಾಗವಿಲ್ಲ. ರೀಫಂಡ್ ಹೆಚ್ಚಿಸಿಕೊಡುತ್ತೇವೆಂದು ಇಲ್ಲದ ಬಾಡಿಗೆ ತೋರಿಸಲು ಹೇಳುವವರನ್ನು ನಾನು ನೋಡಿದ್ದೇನೆ. ಸುಳ್ಳು ಮಾಹಿತಿ ಎಂದು ಸಾಬೀತಾದರೆ ಆ ತೆರಿಗೆಯ ಶೇ 200ರಷ್ಟು ದಂಡ ಬೀಳುವುದು ಸಲಹೆ ಕೊಟ್ಟವರಿಗಲ್ಲ.

ಪ್ರಶ್ನೆ ಕೇಳಿದವರು

ನನ್ನ ವಿನಾಯಿತಿಗಳನ್ನು ಕೂಡಿಸಿದರೆ 2,60,000 ಮುಟ್ಟುವುದೂ ಕಷ್ಟ. ಹೊಸ ಪದ್ಧತಿಯಲ್ಲೇ ಉಳಿಯುತ್ತೇನೆ. ಬಾಕಿ ತೆರಿಗೆಯನ್ನು ಇಂದು ಕಟ್ಟಿದೆ.

ಉತ್ತರ 1

ಕಟ್ಟಿದ ಚಲನ್ ಅನ್ನು ಈಗಲೇ ಇಳಿಸಿ ಕೊನೆಯ ಫೋಲ್ಡರ್‌ಗೆ ಹಾಕಿ. ಕಟ್ಟುವಾಗ ಅಸೆಸ್‌ಮೆಂಟ್ ವರ್ಷ (ಹಣಕಾಸು ವರ್ಷದ ಮರುವರ್ಷ) 2025–26 ಎಂದೇ ಆರಿಸಿದ್ದೀರಾ ಎಂದು ಅದರಲ್ಲಿ ಒಮ್ಮೆ ನೋಡಿಕೊಳ್ಳಿ. ಬಿಎಸ್‌ಆರ್ ಕೋಡ್ (ಬ್ಯಾಂಕ್ ಶಾಖೆಯ ಗುರುತು ಸಂಖ್ಯೆ), ದಿನಾಂಕ, ಚಲನ್ ಸಂಖ್ಯೆ ಈ ಮೂರೂ ರಿಟರ್ನ್‌ನಲ್ಲಿ ನಮೂದಾಗಬೇಕು, ಇಲ್ಲವಾದರೆ ಕಟ್ಟಿದ ಹಣವನ್ನೇ ಮತ್ತೆ ಬಾಕಿ ಎಂದು ಕೇಳುವ ಸಾಧ್ಯತೆ ಇದೆ. ಸಲ್ಲಿಸಿದ ಮೇಲೆ 30 ದಿನಗಳೊಳಗೆ ಇ-ವೆರಿಫೈ (ಆನ್‌ಲೈನ್ ದೃಢೀಕರಣ) ಮಾಡದಿದ್ದರೆ, ತಡವಾಗಿ ಮಾಡಿದ ದಿನವನ್ನೇ ಸಲ್ಲಿಕೆಯ ದಿನವೆಂದು ಪರಿಗಣಿಸುತ್ತಾರೆ. ಆ ದಿನ ಗಡುವು ದಾಟಿದ್ದರೆ ನಿಮ್ಮ ಆದಾಯಕ್ಕೆ 5,000 ರೂಪಾಯಿ ವಿಳಂಬ ಶುಲ್ಕ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿಟ್ಟುಕೊಂಡೇ ಸಲ್ಲಿಸಲು ಕುಳಿತರೆ, ಒಟಿಪಿ ಹಾಕಿ ಅದೇ ಹೊತ್ತಿಗೆ ಮುಗಿಸಿಬಿಡಬಹುದು.